ಗೌಡರ ಕುರ್ಚಿ

ಶಿವಗಂಗವ್ವನ ಸೊಂಟದ ಕೀಲಿಗೆ ತಗುಲಿದ ಬೆಲೆ ಎಂದರೆ ನನ್ನ ಅರ್ಧ ಫೀ ಮತ್ತು ಬಾಳಪ್ಪಗೌಡರ ಸಾಗವಾನಿ ಕುರ್ಚಿ. ಫೀ ಬಿಟ್ಟದ್ದು ದಯೆಯಿಂದಲ್ಲ. ಆ ಕುರ್ಚಿಯ ಮೇಲೆ ನನ್ನ ಕಣ್ಣಿತ್ತು.

೧೯೬೪ರಲ್ಲಿ ನಾನು ಗೋಕಾಕದಲ್ಲಿ ಎಂಟು ಹಾಸಿಗೆಗಳ ಸ್ವಂತ ದವಾಖಾನೆ ನಡೆಸುತ್ತಿದ್ದೆ. ಹುಕ್ಕೇರಿ ಸಂತೆಯಲ್ಲಿ ಮೆಣಸಿನಕಾಯಿ ಮಾರಿ ಓದಿದವನಿಗೆ ಚೌಕಾಶಿಯನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಮೂಡಲಗಿ ಕಡೆಯ ಹಳ್ಳಿಯೊಂದರಿಂದ ಅರವತ್ತರ ವಿಧವೆ ಶಿವಗಂಗವ್ವನನ್ನು ಚಕ್ಕಡಿಯಲ್ಲಿ ಕರೆತಂದರು. ಹಿತ್ತಲಲ್ಲಿ ಜಾರಿ ಬಿದ್ದು ತೊಡೆಯೆಲುಬಿನ ಕುತ್ತಿಗೆ, ಅಂದರೆ ಸೊಂಟದ ಗುಳಿಯಲ್ಲಿ ಕೂರುವ ಚೆಂಡಿನ ಕೆಳಗಿನ ಭಾಗ, ಮುರಿದಿತ್ತು. ಉಕ್ಕಿನ ಮೊಳೆ ಹಾಕಿ ಕೂಡಿಸಿದೆ. ಮೂರು ತಿಂಗಳು ಆ ಕಾಲಿನ ಮೇಲೆ ಭಾರ ಬೀಳಬಾರದೆಂದು ಮನೆಯ ಯಜಮಾನರಾದ ಬಾಳಪ್ಪಗೌಡರಿಗೆ, ಆಕೆಯ ಗಂಡನ ಅಣ್ಣನಿಗೆ, ಎರಡೆರಡು ಸಲ ಹೇಳಿ ಕಳಿಸಿದೆ.

ನಲವತ್ತನೆಯ ದಿನಕ್ಕೆ ಗೌಡರು ಆಕೆಯನ್ನು ಎಬ್ಬಿಸಿದರು. ರಾಶಿಗೆ ಆಳುಗಳು ಬಂದಿದ್ದರಂತೆ, ರೊಟ್ಟಿ ಬಡಿಯಲು ಕೈ ಸಾಲದಂತೆ. ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಏಳುವಾಗ ಮೊಳೆ ಎಲುಬನ್ನು ಸೀಳಿಕೊಂಡು ಸರಿಯಿತು. ಗೌಡರು ಊರಿಗೆಲ್ಲ ಹೇಳಿದ್ದೇ ಬೇರೆ: "ಗೋಕಾಕ ಡಾಕ್ಟರ್‌ಗಿಂತ ನಮ್ಮೂರ ಬಡಿಗ್ಯಾ ಚಲೋ ಮೊಳಿ ಹೊಡಿತಾನ." ಆ ಊರಿನ ರೋಗಿಗಳು ನನ್ನ ಬಾಗಿಲಿಗೆ ಬರುವುದು ನಿಂತೇಹೋಯಿತು. ಆ ಮಾತನ್ನು ನಾನು ಮರೆಯಲಿಲ್ಲ.

ಐದು ತಿಂಗಳ ಮೇಲೆ ಗೌಡರೇ ಆಕೆಯನ್ನು ಮತ್ತೆ ಕರೆತಂದರು. ಎಕ್ಸ್‌ರೇ ನೋಡಿದರೆ ಚೆಂಡು ರಕ್ತವಿಲ್ಲದೆ ಸತ್ತಿತ್ತು, ಕಾಲು ಒಂದೂಕಾಲು ಇಂಚು ಗಿಡ್ಡಾಗಿತ್ತು. ಸತ್ತ ಚೆಂಡು ತೆಗೆದು ಲೋಹದ ಚೆಂಡು ಕೂರಿಸುವುದೊಂದೇ ದಾರಿ. ಆಗ ನಮ್ಮಲ್ಲಿ ಕೀಲು ಬದಲಿಸುವುದೆಂದರೆ ಇಷ್ಟೇ, ಗುಳಿಯನ್ನು ಮುಟ್ಟುತ್ತಿರಲಿಲ್ಲ.

"ಆಕಿ ಏಳದಿದ್ರ ಮನಿ ನಡ್ಯಾಂಗಿಲ್ಲ. ಹಾಕ್ರಿ, ಆದ್ರ ರೇಟ ಕಮ್ಮಿ ಮಾಡ್ರಿ" ಎಂದರು ಗೌಡರು.

"ನನ್ನ ಫೀ ಅರ್ಧಾ ಬಿಡ್ತೇನ್ರಿ ಗೌಡ್ರ. ಬದಲಿಗಿ ನಿಮ್ಮ ಪಡಸಾಲಿ ಕುರ್ಚಿ ಆಕಿಗೆ ಕೊಡ್ರಿ. ಆಕಿ ಇನ್ನ ಇರೂತನಕ ನೆಲಕ್ಕ ಕುಂದರಾಂಗಿಲ್ಲ. ಕುಂತ್ರ ಚೆಂಡು ಜಾರತೈತಿ."

"ಒಂದು ಕುರ್ಚಿ ಹೋದ್ರ ಹೋಗ್ಲಿ ಬಿಡ್ರಿ." ವ್ಯಾಪಾರ ಗೆದ್ದವರಂತೆ ನಕ್ಕು, ನಾನು ಈ ಕರಾರನ್ನೆಲ್ಲ ಬರೆದುಕೊಟ್ಟ ಕಾಗದಕ್ಕೆ ಸಹಿ ಮಾಡಿದರು. ನಾನು ಹೇಳಿದ ಕಾರಣ ಸುಳ್ಳಲ್ಲ. ಆದರೆ ಎತ್ತರದ ಸ್ಟೂಲೂ ಸಾಕಾಗುತ್ತಿತ್ತು. ಆ ಮನೆಗಿದ್ದ ಒಂದೇ ಕುರ್ಚಿಯಲ್ಲಿ ಗೌಡರ ಹೊರತು ಯಾರೂ ಕೂರುವುದಿಲ್ಲವೆಂದು ಕೇಳಿದ್ದೆ.

ಶಿವಗಂಗವ್ವ ಮಾತ್ರ ಗಾಬರಿಯಾದಳು. ಮದುವೆಯಾದಂದಿನಿಂದ ಆಕೆ ಗೌಡರೆದುರು ಕೂತವಳಲ್ಲ, ಬಾಗಿಲ ಮರೆಯಿಂದಲೇ ಮಾತು.

"ಭಾವನಾರ ಮುಂದ ಕುರ್ಚಿ ಮ್ಯಾಲ ಹೆಂಗ ಕುಂದರಲ್ರೀ ಸಾಹೇಬ್ರ?"

"ಅವ್ರ ಸಹಿ ಮಾಡ್ಯಾರ ಯವ್ವಾ."

ಆಕೆ ಕಾಗದದ ಕಡೆ ಕೈ ಮಾಡಿ ಅಂದಳು: "ಇನ್ನೊಮ್ಮಿ ಓದ್ರಿ ಅದನ್ನ."

ಶಸ್ತ್ರಕ್ರಿಯೆಗೆ ಒಂದು ಗಂಟೆ ಐವತ್ತು ನಿಮಿಷ ಹಿಡಿಯಿತು. ಮೂರು ತಿಂಗಳ ಮೇಲೆ ನೋಡಲು ಹೋದೆ. ಪಡಸಾಲೆಯ ನಡುವೆ ಕುರ್ಚಿ, ಕುರ್ಚಿಯಲ್ಲಿ ಶಿವಗಂಗವ್ವ, ತೊಡೆಯ ಮೇಲೆ ಊರುಗೋಲು. ಸೊಸೆಯಂದಿರಿಗೆ ಅಲ್ಲಿಂದಲೇ ಅಪ್ಪಣೆ. ಗೌಡರು ಹೊರಗಿನ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದರು. ತಮ್ಮನ ಹೆಂಡತಿಯ ಕಾಲ ಬಳಿ ನೆಲಕ್ಕೆ ಕೂರುವಂತಿಲ್ಲ, ಇನ್ನೊಂದು ಕುರ್ಚಿ ತರಿಸಿದರೆ ಆಕೆಯ ಸಮಕ್ಕೆ ಕೂತಂತೆ. ನನ್ನನ್ನು ಕಂಡು ಮುಖ ತಿರುಗಿಸಿದರು.

ಆಕೆ ಯಾರ ಕೈಯನ್ನೂ ಹಿಡಿಯದೆ ಎದ್ದು, ಕೋಲೂರಿ ಹೊಸ್ತಿಲವರೆಗೆ ನಡೆದು ಬಂದಳು. ಹೊರಗೆ ಕೇಳುವಂತೆ ಅಂದಳು: "ಒಳಗ ಸೆಕಿ ಭಾಳ್ರೀ ಸಾಹೇಬ್ರ. ಕಟ್ಟಿ ಮ್ಯಾಲ ಗಾಳಿಗಿ ಕುಂದರಬೇಕಂತ ಆ ಕಾಗದದಾಗ ಬರೀರಿ."

ನಾನು ಪೆನ್ನು ತೆಗೆದೆ. ಬರೆದು ಮುಗಿಸುವಷ್ಟರಲ್ಲಿ ಗೌಡರು ಹೆಗಲಿಗೆ ಟವೆಲ್ ಹಾಕಿಕೊಂಡು ಹೊಲದ ಹಾದಿ ಹಿಡಿದಿದ್ದರು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಸೊಂಟ ಮುರಿದರೆ ನನ್ನ ಮಾತು ಕೇಳಿ. ಎಲುಬು ಕೂಡಿತೆಂದು ಎಕ್ಸ್‌ರೇ ನೋಡಿ ಡಾಕ್ಟರು ಹೇಳುವವರೆಗೆ ರೊಟ್ಟಿ ನೀವೇ ಬಡಿಯಿರಿ. ಕೀಲು ಬದಲಿಸಿದ್ದರೆ, ಮೊಣಕಾಲಿಗಿಂತ ಎತ್ತರದ ಆಸನ ಮೊದಲು ಮನೆಗೆ ಬರಲಿ, ರೋಗಿ ಆಮೇಲೆ. ಡಾಕ್ಟರು ಹೇಳಿದ್ದನ್ನು ಬರೆಸಿಕೊಂಡು ಮನೆಯ ಹಿರಿಯರ ಸಹಿ ಹಾಕಿಸಿ. ಆ ಆಸನ ಮನೆಯಲ್ಲಿ ಎಲ್ಲರಿಗಿಂತ ಜೋರು ಮಾಡುವವರದ್ದಾಗಿದ್ದರೆ ರೋಗಿ ಬೇಗ ಚೇತರಿಸಿಕೊಳ್ಳುತ್ತಾರೆ.