ಸುಣ್ಣದ ಗೆರೆಯ ಮನೆ

“ಅಮ್ಮ, ಗೌಸ್ ಪೀರಜ್ಜ ಬಾಗ್ಲೇ ಇಲ್ಲದ ಕಡೆ ಯಾಕ ತಲೆ ಬಗ್ಗಿಸ್ಕೊಂಡು ಹೋಗ್ತಾನ?”

ಗುರುವಾರ ಸಂಜೆ ಕಿಟಕಿಯ ಸರಳಿಗೆ ಮೂಗು ಒತ್ತಿಕೊಂಡು ನಿಂತಿದ್ದ ಮಗಳು ಕೇಳಿದಳು. ಪಕ್ಕದ ಕಸ್ತೂರಮ್ಮನವರ ಮನೆ ಕೆಡವಿ ಹದಿನೈದು ದಿನವಾಯಿತು. ಈಗ ಅಲ್ಲಿರುವುದು ಸಮ ಮಾಡಿದ ನೆಲ, ಅದರ ಮೇಲೆ ಸುಣ್ಣದ ಪುಡಿಯಲ್ಲಿ ಎಳೆದ ಗೆರೆಗಳು, ಅಷ್ಟೇ. ಗೌಂಡಿ ಗೌಸ್ ಪೀರ್ ಗೆರೆಯ ಸಂದಿಯೊಂದರಲ್ಲಿ ತಲೆ ತಗ್ಗಿಸಿ ಒಳಗೆ ಹೋದರು, ಮುಂದಿನ ಕೋಣೆ ದಾಟಿದರು, ಮತ್ತೆ ತಲೆ ತಗ್ಗಿಸಿ ಹಿಂದಿನ ಕೋಣೆ ಹೊಕ್ಕರು. ಮೇಲೆ ಬರೀ ಆಕಾಶ.

ಅವರು ಕಟ್ಟಿದ ಬಾಗಿಲೆಲ್ಲ ಗಿಡ್ಡ, ಅವರು ಮಾತ್ರ ಉದ್ದ, ಅದಕ್ಕೆ ಎಂದೆ. ಪಿ.ಜೆ. ಬಡಾವಣೆಯ ನಮ್ಮ ಬೀದಿಯ ಹದಿನಾಲ್ಕು ಮನೆಗಳಲ್ಲಿ ಹನ್ನೊಂದನ್ನು ಕಟ್ಟಿದವರು ಗೌಸ್ ಪೀರ್. ಬಂದವರು ತಲೆಬಾಗಿ ಬರಲಿ ಅಂತ ಆಗಿನ ಯಜಮಾನರು ಬಾಗಿಲು ತಗ್ಗಿಸಿ ಇಡಿಸುತ್ತಿದ್ದರು. ಬಂದವರು ಒಂದೆರಡು ಸಲ ಬಾಗಿರಬಹುದು. ಕಟ್ಟಿದವರು ದಿನಕ್ಕೆ ನೂರು ಸಲ ಬಾಗಿ, ಮರೆತಾಗ ಹಣೆ ಚಚ್ಚಿಸಿಕೊಂಡು, ಅದೇ ರೂಢಿಯಾಗಿಬಿಟ್ಟಿದೆ. ನಮ್ಮ ತಲಬಾಗಿಲು ಹಾಕಿದ ಗುರುತು ಅವರ ಹಣೆಯಲ್ಲಿ ಇನ್ನೂ ಇದೆ. ಅದನ್ನು ಮುಟ್ಟಿ ತೋರಿಸಿ, ಇದು ನಿಮ್ಮ ಮಾವನೋರ ಸಹಿ ಎನ್ನುತ್ತಾರೆ.

ಹದಿನೆಂಟನೇ ವಯಸ್ಸಿಗೆ ಕರಣೆ ಹಿಡಿದು ಆನಗೋಡಿನಿಂದ ಅಪ್ಪನ ಹಿಂದೆ ಬಂದವರು. ಆಗ ಪ್ಲಾನು ಗೀನು ಇರಲಿಲ್ಲ. ಮನೆಯೊಡತಿಯನ್ನು ಖಾಲಿ ನೆಲದ ಮೇಲೆ ಕೂಡಿಸಿ, ರೊಟ್ಟಿ ಬಡಿದ ಹಾಗೆ ಮಾಡಿ ತೋರಿಸಿ ಎನ್ನುತ್ತಿದ್ದರಂತೆ. ಆಕೆ ಗಾಳಿಯಲ್ಲೇ ಹಿಟ್ಟು ನಾದಬೇಕು, ಪಕ್ಕದಲ್ಲಿ ಇಲ್ಲದ ಕೊಡಕ್ಕೆ ಕೈ ಚಾಚಬೇಕು. ಕೈ ಎಲ್ಲಿಯವರೆಗೆ ಹೋಯಿತೋ ಅಲ್ಲಿಯವರೆಗೆ ಅಡುಗೆಮನೆ. ಸುತ್ತ ಸುಣ್ಣ ಎಳೆದರೆ ಮುಗಿಯಿತು. ನನ್ನ ಅತ್ತೆ ದ್ರಾಕ್ಷಾಯಣಮ್ಮ ಆಗ ಹೊಸ ಸೊಸೆ. ಬೀದಿಯವರೆಲ್ಲ ನೋಡುತ್ತಿದ್ದಾರೆಂದು ನಾಚಿ, ಕೈ ಮುದುರಿಕೊಂಡೇ ರೊಟ್ಟಿ ಬಡಿದರಂತೆ. ಆ ನಾಚಿಕೆಯನ್ನು ಈಗ ನಾನು ಅನುಭವಿಸುತ್ತಿದ್ದೇನೆ. ನಮ್ಮ ಅಡುಗೆಮನೆಯಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ಉಸಿರು ಹಿಡಿದು ದಾಟಬೇಕು. ಅತ್ತೆಯನ್ನು ಕೇಳಿದರೆ, ನಾನೇನೂ ನಾಚಿರಲಿಲ್ಲ, ಅವನೇ ಸುಣ್ಣ ಉಳಿಸಿದ ಎನ್ನುತ್ತಾರೆ.

ಮೂವತ್ತು ವರ್ಷದ ಆ ಮನೆಗಳು ಈಗ, ಈ ಎಂಬತ್ತನಾಲ್ಕನೇ ಇಸವಿಯಲ್ಲಿ, ಒಂದೊಂದಾಗಿ ವೇಷ ಬದಲಿಸುತ್ತಿವೆ. ಎದುರಿನ ತಿಪ್ಪೇರುದ್ರಪ್ಪನವರ ಜಗುಲಿ ಹೋಗಿ ಎರಡು ಶಟರ್ ಬಂದವು. ಒಂದರಲ್ಲಿ ಔಷಧಿ ಅಂಗಡಿ, ಇನ್ನೊಂದರಲ್ಲಿ ಹೋಟೆಲ್ಲು. ಆ ಜಗುಲಿ ಮೇಲೆ ಪುಕ್ಕಟೆ ಹರಟೆ ಹೊಡೆಯುತ್ತಿದ್ದವರೇ ಈಗ ಅದೇ ಜಾಗದಲ್ಲಿ ಕಾಫಿ ಕೊಂಡು ಕುಡಿದು ಹರಟುತ್ತಾರೆ. ಮೂಲೆಯ ಹಂಚಿನ ಮನೆ ಇದ್ದಲ್ಲಿ ಹಲ್ಲಿನ ಡಾಕ್ಟರ ಮಹಡಿ ಎದ್ದಿದೆ. ಅದರಾಚೆಯ ಮನೆಗೆ ಮುಂದುಗಡೆ ಮಾತ್ರ ಸಿಮೆಂಟು, ಹಿಂದೆ ಹಂಚೇ. ಪ್ಯಾಂಟು ಹಾಕಿ ತಲೆಗೆ ರುಮಾಲು ಸುತ್ತಿದವರ ಹಾಗೆ ನಿಂತಿದೆ.

ಇಂಜಿನಿಯರುಗಳು ಬಂದ ಮೇಲೆ ಗೌಸ್ ಪೀರ್‌ಗೆ ಸಿಗುವುದು ಕೆಡವುವ ಕೆಲಸ ಒಂದೇ. ತಾವೇ ಕಟ್ಟಿದ ಗೋಡೆಗೆ ಹಾರೆ ಹಾಕುತ್ತ, ಬೀಳದಿದ್ದರೆ ಬೈಯುತ್ತಾರೆ, ಬಿದ್ದರೆ ಇನ್ನೂ ಜೋರಾಗಿ ಬೈಯುತ್ತಾರೆ. ಕೆಡವಿದ್ದು ಸಾಕು, ಇಲ್ಲಿಗೆ ಬಾ ಎಂದು ಹರಿಹರದಲ್ಲಿರುವ ಮಗಳು ನಸೀಮಾ ಹಟ ಹಿಡಿದಿದ್ದಾಳೆ. ಅಳಿಯ ಯಾವುದೋ ಗೋದಾಮಿನ ಗೇಟು ಕಾಯುವ ಕೆಲಸ ನೋಡಿಟ್ಟಿದ್ದಾನೆ. ದಿನವಿಡೀ ಕುರ್ಚಿಯಲ್ಲಿ ಕೂಡುವುದು. ಕುರ್ಚಿಯ ಹೆಸರೆತ್ತಿದರೇ ಗೌಸ್ ಪೀರ್‌ಗೆ ಸೊಂಟ ಹಿಡಿಯುತ್ತದೆ.

ಅಷ್ಟರಲ್ಲಿ ಕಸ್ತೂರಮ್ಮನವರ ಮಗ ಕರಿಬಸವರಾಜ ಕೆಳಗೆ ಕ್ಲಿನಿಕ್ಕು, ಮೇಲೆ ಮನೆ ಅಂತ ಪ್ಲಾನು ಮಾಡಿಸಿದ. ಇದಕ್ಕೆ ಗೌಸ್ ಪೀರನೇ ಮೇಸ್ತ್ರಿ ಎಂದು ಕಸ್ತೂರಮ್ಮ ಪಟ್ಟು ಹಿಡಿದರು. ಎಳೆ ವಯಸ್ಸಿನ ಇಂಜಿನಿಯರು ನೀಲಿ ಕಾಗದವನ್ನು ಇವರ ಕೈಗಿಟ್ಟು, ಇದರ ಪ್ರಕಾರ ನೆಲಕ್ಕೆ ಗುರುತು ಹಾಕು, ಸರಿ ಬಂದರೆ ನೀನೇ ಮೇಸ್ತ್ರಿ ಎಂದ. ಇವರು ಹೂಂ ಎಂದರು. ಅಂಥ ಕಾಗದ ಹಿಡಿದದ್ದು ಅದೇ ಮೊದಲು ಎಂಬುದನ್ನು ಮಾತ್ರ ಹೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಇಂಜಿನಿಯರು ಬಂದು ಟೇಪು ಹಿಡಿದ. ಅಂಕಿ ಓದಲು ಬರುವ ಗೌಸ್ ಪೀರ್ ಕೋಣೆಗಳನ್ನೆಲ್ಲ ಅಂಗುಲ ತಪ್ಪದೆ ಎಳೆದಿದ್ದರು. ಆದರೆ ಪ್ರತಿ ಬಾಗಿಲಿನ ಪಕ್ಕದಲ್ಲೂ ಒಂದು ದುಂಡು ಗೋಡೆ, ಚಕ್ರದ ಕಾಲು ಭಾಗದಷ್ಟು. ಒಟ್ಟು ಒಂಬತ್ತು. ಬೆಳಗಾಗುತ್ತಲೇ ಎರಡಕ್ಕೆ ಪಾಯ ತೋಡಿಸಿಯೂ ಆಗಿತ್ತು. ಕ್ಲಿನಿಕ್ಕಿಗೆ ಬಂದ ರೋಗಿ ಹೊಸ್ತಿಲು ದಾಟಿದ ಕೂಡಲೇ ಗೋಡೆಗೆ ಮುಖ ಕೊಡಬೇಕು, ಹಾಗಿತ್ತು. ಇಂಜಿನಿಯರು ನಕ್ಕೂ ನಕ್ಕೂ ಇಟ್ಟಿಗೆ ರಾಶಿಯ ಮೇಲೆ ಕೂತುಬಿಟ್ಟ. ಹೋಟೆಲ್ಲಿನವರು ಲೋಟ ಹಿಡಿದೇ ಹೊರಗೆ ಬಂದರು.

“ಕಾಗದದಾಗ ಐತಲ್ರಿ ಸಾಹೇಬ್ರ,” ಎಂದರು ಗೌಸ್ ಪೀರ್. “ಓದಿದೋರು ಏನೋ ಹೊಸ ನಮೂನಿ ಮಾಡ್ಯಾರ ಅನ್ಕಂಡೆ.”

ಸೋಮವಾರ ಮಹಡಿಯ ಪ್ಲಾನು ತರುತ್ತೇನೆ, ಅದರ ಒಂದೊಂದು ಗುರುತನ್ನೂ ನೀನೇ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮಂಗಳವಾರದಿಂದ ನನ್ನ ಮೇಸ್ತ್ರಿ ಬರುತ್ತಾನೆ ಎಂದು ಹೇಳಿ ಇಂಜಿನಿಯರು ಹೋದ. ಕಸ್ತೂರಮ್ಮನವರೂ ಈ ಸಲ ಪಟ್ಟು ಹಿಡಿಯಲಿಲ್ಲ.

ಸಂಜೆ ಗೌಸ್ ಪೀರ್ ನಮ್ಮ ಹಿತ್ತಲ ಬಾಗಿಲಿಗೆ ಬಂದರು. ಅಂಗಿಯೊಳಗೆ ಸುರುಳಿ ಸುತ್ತಿದ ನೀಲಿ ಕಾಗದ. ಮದುವೆಗೆ ಮುಂಚೆ ನಾನು ಹರಿಹರದ ಕಾರ್ಖಾನೆಯೊಂದರಲ್ಲಿ ಎರಡು ವರ್ಷ ನಕ್ಷೆ ಟ್ರೇಸ್ ಮಾಡುತ್ತಿದ್ದೆನೆಂದು ಅತ್ತೆ ಯಾವಾಗಲೋ ಹೇಳಿದ್ದರಂತೆ. ಕಾಗದ ಬಿಡಿಸಿ ದುಂಡು ಗೆರೆಯ ಮೇಲೆ ಬೆರಳಿಟ್ಟು, ಇದೇನು ಎಂದು ಕೇಳಿದರು. ಬಾಯಲ್ಲಿ ಹೇಳಿದರೆ ಆಗುವ ಕೆಲಸವಲ್ಲ ಅನ್ನಿಸಿತು. ಮಗಳ ಸೀಮೆಸುಣ್ಣ ಇಸಿದುಕೊಂಡು, ಹಿತ್ತಲ ಬಾಗಿಲಿನ ತುದಿಗೆ, ನೆಲಕ್ಕೆ ತಾಗುವಂತೆ ಒತ್ತಿ ಹಿಡಿದು, ಮೆಲ್ಲಗೆ ಬಾಗಿಲು ತೆಗಿ ಎಂದೆ. ಅವಳು ತೆಗೆದಳು. ಬಾಗಿಲಿನ ಜೊತೆ ನಾನೂ ಕುಕ್ಕರುಗಾಲಲ್ಲಿ ಸರಿದೆ. ನೆಲದ ಮೇಲೆ ಚಕ್ರದ ಕಾಲು ಭಾಗ ಮೂಡಿತು.

ಗೌಸ್ ಪೀರ್ ಆ ಗೆರೆ ನೋಡಿದರು, ಕಾಗದ ನೋಡಿದರು. ಬಾಗಿಲನ್ನು ತಾವೇ ಒಮ್ಮೆ ಮುಚ್ಚಿ ತೆಗೆದರು.

“ಗೋಡೆ ಅಲ್ಲ ಇದು. ಬಾಗ್ಲು ಅಡ್ಡಾಡೋ ಜಾಗ,” ಎಂದರು. “ಇಷ್ಟು ವರ್ಷ ಬಾಗ್ಲು ನಿಲ್ಸೀನಿ, ಅದು ತಿರುಗೋ ದಾರಿನೂ ಬರೀತಾರ ಅಂತ ಗೊತ್ತಿದ್ದಿಲ್ಲ ನೋಡ್ರಿ.”

ಅಡುಗೆಮನೆಯಿಂದ ಅತ್ತೆಯ ದನಿ ಬಂತು. “ಅಲ್ಲೋ ಗೌಸ, ಆಸ್ಪತ್ರಿಗೆ ಒಂಬತ್ತು ಗುಮ್ಮಟ ಕಟ್ಟೋನು, ನನಗೊಂದು ಮೊಳ ಜಾಸ್ತಿ ಜಾಗ ಬಿಡಾಕಾಗ್ಲಿಲ್ಲೇನೋ ನಿನಗ?”

“ನೀವು ಕೈ ಚಾಚಿದ್ರೆ ಬಿಡ್ತಿದ್ದೆ, ಅವ್ವಾರೆ.”

ಕಿಟಕಿಯ ಗುರುತು ತೋರಿಸಿದೆ, ಮೆಟ್ಟಿಲಿನದನ್ನು ತೋರಿಸಿದೆ. ಮೆಟ್ಟಿಲಿನ ಮೇಲಿನ ಬಾಣದ ಗುರುತು ಹತ್ತುವುದಕ್ಕೋ ಇಳಿಯುವುದಕ್ಕೋ ಎಂದು ಮೂರು ಸಲ ಕೇಳಿದರು. ಒಂದು ಸಂಜೆಗೆ ಮುಗಿಯುವ ಪಾಠವಾಗಿರಲಿಲ್ಲ. ಮಗಳು ಆಗಲೇ ಸ್ಲೇಟು ತಂದು ಪಕ್ಕದಲ್ಲಿ ಕೂತಿದ್ದಳು. ಅವರು ಸ್ಲೇಟು ನೋಡಿದರು, ಆಮೇಲೆ ದನಿ ತಗ್ಗಿಸಿದರು.

“ಅಕ್ಕಾರೆ, ಒಂದು ಉಪಕಾರ ಮಾಡ್ರಿ. ಸೋಮವಾರದ ತನಕ, ಕೂಸಿಗೆ ಪಾಠ ಹೇಳೋವಾಗ ನಾನೂ ಇಲ್ಲೇ ಮಗ್ಗಲದಾಗ ಕೂಡ್ತೀನಿ. ಹೋಟೆಲ್ನೋರು ಯಾರಾದ್ರೂ ಕೇಳಿದ್ರ, ಗೋಡಿ ಬಿರುಕು ನೋಡಾಕ ಬಂದಾನ ಅನ್ರಿ. ನಾ ಕಟ್ಟಿದ ಗೋಡ್ಯಾಗ ಬಿರುಕಿಲ್ಲ. ಆದ್ರೂ ಹಂಗಂತ ಹೇಳ್ರಿ.”