ನನ್ನ ಕೈಗೆ ಸಿಕ್ಕಿದ ಕಾಲು

ಮೊಣಕಾಲಿಗೂ ಪಾದಕ್ಕೂ ನಡುವೆ, ಯಾವ ಕೀಲೂ ಇಲ್ಲದ ಕಡೆ, ರಾಜಣ್ಣನವರ ಬಲಗಾಲು ಮಡಚಿಕೊಂಡಿತ್ತು. ಯಾರೂ ಕೂಗಲಿಲ್ಲ. ಕಬಡ್ಡಿ ಆಡುತ್ತಿದ್ದವರಲ್ಲೊಬ್ಬರು ಟವೆಲ್ ತಂದು, ಕಾಲಿನ ಮೇಲಲ್ಲ, ರಾಜಣ್ಣನವರ ಮುಖದ ಮೇಲೆ ಹಾಕಿ, "ನೋಡ್ಬ್ಯಾಡ ಕಣ್ಲಾ, ಸುಮ್ನೆ ಮಲೀಕೊ" ಎಂದರು. ನಾನು ಅರಸೀಕೆರೆಗೆ ಬಂದು ಆಗ ಆರು ವಾರ.

ಬಾಗಲಕೋಟೆ ಕಡೆಯ ನಮಗೆ ಅರಸೀಕೆರೆ ಎಂದರೆ ಬೆಂಗಳೂರಿನ ದಾರಿಯಲ್ಲಿ ರೈಲು ನಿಲ್ಲುವ ಜಂಕ್ಷನ್, ಅಷ್ಟೆ. ತೊಂಬತ್ತೇಳರಲ್ಲಿ ಇಲ್ಲಿನ ಕಾಲೇಜಿಗೆ ಇತಿಹಾಸ ಕಲಿಸಲು ಬಂದಾಗ ರಾಜಣ್ಣನವರ ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಅವರು ರೈಲ್ವೆ ಗ್ಯಾಂಗ್‌ಮನ್. ಸುತ್ತಿಗೆ ಹೊತ್ತು ಹಳಿಯುದ್ದಕ್ಕೂ ನಡೆದು, ಸಡಿಲಾದದ್ದನ್ನು ಬಡಿದು ಬಿಗಿಮಾಡುವ ಕೆಲಸ. ಅವರ ಹೆಂಡತಿ ಜಯಮ್ಮ ಮೊದಲ ದಿನ ಮುದ್ದೆ ಬಡಿಸಿದರು. ನಾನು ಅದನ್ನು ಜೋಳದ ರೊಟ್ಟಿಯಂತೆ ಅಗಿಯುತ್ತ ಕೂತೆ. "ಅಗೀಬ್ಯಾಡಿ ಮೇಷ್ಟ್ರೇ, ನುಂಗಿ. ಹಲ್ಲಿಗೆ ಕೆಲ್ಸ ಕೊಟ್ರೆ ಮುದ್ದೆಗೆ ಬೇಜಾರಾಯ್ತದೆ" ಎಂದು ನಕ್ಕರು.

ಕನ್ನಡದಿಂದ ಕನ್ನಡಕ್ಕೆ ಬಂದವನಿಗೆ ಏನು ಪರದೇಶ ಎಂದು ನೀವು ಕೇಳಬಹುದು. ಸ್ಟಾಫ್‌ರೂಮಿನಲ್ಲಿ ನಾನು "ಬರ್ತೇನ್ರಿ" ಎಂದರೆ ಎಲ್ಲರೂ ತಲೆಯೆತ್ತಿ ಮುಗುಳ್ನಗುತ್ತಿದ್ದರು. ಅದರಲ್ಲಿ ಕೆಡುಕೇನಿಲ್ಲ. ಆದರೆ ದಿನಕ್ಕೆ ಹತ್ತು ಸಲ ಅಂಥ ನಗು ಎದುರಾದರೆ ಮನುಷ್ಯ ಮಾತು ಕಡಿಮೆ ಮಾಡುತ್ತಾನೆ. ಭಾನುವಾರದ ಕಬಡ್ಡಿಯಲ್ಲಿ ಮಾತು ಬೇಕಿರಲಿಲ್ಲ. ಹಾಗಾಗಿ ಹೋದೆ.

ನಮ್ಮಲ್ಲಿ ಎರೆಮಣ್ಣಿನ ಮೇಲೆ ಆಡಿ ಮೊಣಕೈ ಸುಲಿದುಕೊಳ್ಳುತ್ತಿದ್ದೆವು. ಇಲ್ಲಿ ತೆಂಗಿನ ನಾರಿನ ಪುಡಿಯನ್ನು ಗೇಣು ದಪ್ಪಕ್ಕೆ ಹಾಸಿದ ಅಂಕಣ, ಹಾಸಿಗೆಯ ಮೇಲೆ ಬಿದ್ದಂತೆ. ಆ ದಿನ ತುಂತುರು ಬಿದ್ದು ಪುಡಿ ನೆನೆದಿತ್ತು. ನಾನು ಎಡ ಮೂಲೆಯಲ್ಲಿದ್ದೆ. ಗೆರೆ ದಾಟುವ ಮುನ್ನ ರಾಜಣ್ಣ ತೊಡೆ ತಟ್ಟಿ, "ಏನ್ ಮೇಷ್ಟ್ರೇ, ರೊಟ್ಟಿ ತಟ್ಟೋ ಊರೋರು, ಕೈ ಗಟ್ಟಿ ಇರ್ಬೇಕು. ಹಿಡೀರಿ ನೋಡಾನ!" ಎಂದರು. ಅವರ ಕಾಲು ಎಷ್ಟೋ ವರ್ಷದಿಂದ ಯಾರಿಗೂ ಸಿಕ್ಕಿರಲಿಲ್ಲವಂತೆ.

ನನಗೆ ಸಿಕ್ಕಿತು. ಎರಡೂ ಅಂಗೈಯಲ್ಲಿ ಹಿಮ್ಮಡಿಯ ಮೇಲಿನ ಎಲುಬು ಸಿಕ್ಕಿತು. ಇಬ್ಬರು ಅವರ ಸೊಂಟದ ಮೇಲೆ ಬಿದ್ದರು. ಮೈ ಒಂದು ಕಡೆ ತಿರುಗಿತು, ಕಾಲು ನನ್ನ ಹತ್ತಿರ ಉಳಿಯಿತು. ಕಬಡ್ಡಿ ಕಬಡ್ಡಿ ಎನ್ನುತ್ತಿದ್ದ ಅವರ ದಂ ಮುರಿಯಿತು. ಆಮೇಲೆ ಎರಡು ಸದ್ದು: ಒಂದು ಸೀಟಿ, ಇನ್ನೊಂದು ಒಣಗಿದ ತೆಂಗಿನ ಗರಿ ಮುರಿದಂಥದ್ದು. ಯಾವುದು ಮೊದಲು? ಸೀಟಿ ಮೊದಲಾಗಿದ್ದರೆ ನಾನು ಬಿಡಬೇಕಿತ್ತು. ಕಣ್ಣಾರೆ ಕಂಡವರ ಹೇಳಿಕೆಯನ್ನು ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಪಾಠ ಮಾಡುವವನು ನಾನು.

ಗೆಂಡೆಹಳ್ಳಿ ಕಡೆ ಮೂಳೆ ಕಟ್ಟುವವರಿದ್ದಾರೆ, ಅಲ್ಲಿಗೇ ಒಯ್ಯೋಣ ಎಂದರು ಎಲ್ಲರೂ. ಎಲುಬು ಚರ್ಮ ಸೀಳಿ ಹೊರಗೆ ಬಂದಿದೆ, ಹಾಸನದ ಆಸ್ಪತ್ರೆಯೇ ಆಗಬೇಕು ಎಂದು ನಾನು ಹಟ ಹಿಡಿದೆ. ಆ ಊರಿನಲ್ಲಿ ನಾನು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ನನ್ನ ಮಾತು ನಡೆಯಿತು. ಗರಿಯ ದಿಂಡುಗಳನ್ನು ಎರಡೂ ಬದಿಗಿಟ್ಟು ಕಟ್ಟಿ ಜೀಪಿನಲ್ಲಿ ಕರೆದೊಯ್ದೆವು. ಕಾಲಿಗೆ ರಾಡು ಹಾಕಿದರು, ಆದರೆ ಗಾಯ ಕೀವಾಗಿ ತಿಂಗಳುಗಟ್ಟಲೆ ಹಿಂಸೆ ಕೊಟ್ಟಿತು. ಗೋಡೆಯಾಚೆ ಊರುಗೋಲಿನ ಸದ್ದು ಬಾಗಿಲವರೆಗೆ ಹೋಗಿ ನಿಲ್ಲುತ್ತಿತ್ತು. ಹಳಿಯ ಮೇಲೆ ಮತ್ತೆ ನಡೆಯಲಾಗುವುದೇ ಎಂದು ಅವರು ಯಾರನ್ನೂ ಕೇಳಲಿಲ್ಲ. ಜಯಮ್ಮ ನನ್ನನ್ನು ಕೇಳುತ್ತಿದ್ದರು. "ಓದಿದೋರು ನೀವು, ಯೋಳಿ ಮೇಷ್ಟ್ರೇ, ಮೊದ್ಲಿನಂಗೆ ಆಯ್ತದಾ?" ನಾನು ಆಯ್ತದೆ ಎನ್ನುತ್ತಿದ್ದೆ.

ವರ್ಷ ತುಂಬುವ ಹೊತ್ತಿಗೆ ಊರುಗೋಲು ಬಿಟ್ಟರು. ರೈಲ್ವೆ ಡಾಕ್ಟರರ ಮುಂದೆ ನಿಲ್ಲುವ ಮುನ್ನ ತಾವೇ ಪರೀಕ್ಷೆ ಮಾಡಿಕೊಳ್ಳಬೇಕೆಂದು, ಹಳೇಬೀಡಿನ ಹತ್ತಿರದ ಹುಲಿಕೆರೆಗೆ ನನ್ನನ್ನು ಕರೆದುಕೊಂಡು ಹೋದರು. ಅಲ್ಲಿನ ಹಳೆಯ ಕೊಳಕ್ಕೆ ಸುತ್ತಲೂ ಕಲ್ಲಿನ ಮೆಟ್ಟಿಲು. ಇನ್ನೊಬ್ಬ ಇತಿಹಾಸದವನಾಗಿದ್ದರೆ ಅಲ್ಲಿನ ಪುಟ್ಟ ಗುಡಿಗಳನ್ನು ನೋಡುತ್ತಿದ್ದ. ನಾನು ಒಂದು ಹಿಮ್ಮಡಿಯನ್ನೇ ನೋಡುತ್ತಿದ್ದೆ. ಇಳಿದರು. ಹತ್ತುವಾಗ ಅರ್ಧದಲ್ಲಿ ಕಾಲು ನಡುಗಿ ಕೂತುಬಿಟ್ಟರು.

ಪಕ್ಕದಲ್ಲಿ ಕೂತು ಹೇಳಿದೆ. "ರಾಜಣ್ಣ, ಕಾಲ ಹಿಡಿದವನು ನಾನು. ಸೀಟಿ ಊದಿದ ಮ್ಯಾಲೂ ಬಿಡಲಿಲ್ಲ ಅನಸ್ತದ."

ಅವರು ನನ್ನನ್ನು ನೋಡಿದ ರೀತಿ ಬೇರೆ ಇತ್ತು. ಕೋಪ ಬಂದಿತ್ತು.

"ಏನಂದ್ರಿ? ನೀವು ಹಿಡಿದ್ರಾ? ನನ್ ಕಾಲು?"

"ಹೌದ್ರಿ."

"ಜಿಲ್ಲೆ ಟೀಮಿನೋರಿಗೇ ಸಿಕ್ಕಿಲ್ಲ ಇದು. ಕನ್ನಡಕ ತೆಗೆದಿಟ್ಟು ಆಡೋ ನಿಮಗೆ ಸಿಕ್ತದಾ? ಜಾರ್ದೆ ಕಣ್ರೀ. ನಾರು ನೆಂದಿತ್ತು, ಜಾರ್ದೆ. ಇನ್ನೊಂದ್ ಕಿತ ಹಿಂಗೆ ಯಾರ ಮುಂದೂ ಅನ್ಬ್ಯಾಡಿ."

ನಾನು ಕ್ಷಮೆ ಕೇಳಲು ಹೋಗಿದ್ದೆ. ಅವರಿಗೆ ಅದು ಉಳಿದಿದ್ದ ಒಂದು ಹೆಸರನ್ನೂ ಕಿತ್ತುಕೊಂಡಂತೆ ಕಂಡಿತು. ಕೈ ಕೊಟ್ಟೆ, ಹಿಡಿಯಲಿಲ್ಲ. ಮೆಟ್ಟಿಲನ್ನೇ ಹಿಡಿದು ಹತ್ತಿದರು.

ಡಾಕ್ಟರು ಹಳಿಯ ಕೆಲಸಕ್ಕೆ ಒಪ್ಪಲಿಲ್ಲ. ಈಗ ರಾಜಣ್ಣ ಊರಾಚೆಯ ರೈಲ್ವೆ ಗೇಟಿನಲ್ಲಿದ್ದಾರೆ. ಕುರ್ಚಿ, ಎರಡು ಬಾವುಟ, ಒಂದು ಫೋನು. ಗೇಟು ಹಾಕಿದಾಗ ನಿಂತವರು ಕಾಲಿಗೇನಾಯಿತು ಎಂದು ಕೇಳುತ್ತಾರೆ. "ಕಬಡ್ಡೀಲಿ ಜಾರ್ದೆ. ಹಿಡಿಯಾಕಾಯ್ತದಾ ಯಾರಿಗಾದ್ರೂ? ನಮ್ ಮೇಷ್ಟ್ರು ಅಲ್ಲೇ ಇದ್ರು, ಕೇಳಿ ಬೇಕಾದ್ರೆ." ನಾನು ಅಲ್ಲಿದ್ದರೆ ತಲೆಯಾಡಿಸುತ್ತೇನೆ. 'ನಮ್' ಎಂಬ ಮಾತು ಇಷ್ಟವಾಗುತ್ತದೆ ಎಂದು ಒಪ್ಪಿಕೊಳ್ಳಲು ನಾಚಿಕೆ.

ಕಳೆದ ಬೇಸಗೆಯಲ್ಲಿ ನಮ್ಮೂರಿಗೆ ಹೋಗಿದ್ದೆ. ಅಣ್ಣ ಊಟಕ್ಕೆ ಕೂತಾಗ, "ಏನೋ ತಮ್ಮಾ, ನಿನ್ನ ಮನಿ ಮಾಲಕರ ಕಾಲ ಹೆಂಗ ಮುರೀತಂತ?" ಎಂದು ಕೇಳಿದ. ಅಲ್ಲಿ ರಾಜಣ್ಣನವರನ್ನು ಬಲ್ಲವರಿಲ್ಲ. ಯಾರ ಮರ್ಯಾದೆಯನ್ನೂ ಕಾಯಬೇಕಿರಲಿಲ್ಲ. "ಜಾರ್ಬಿಟ್ರು ಕಣಣ್ಣ" ಎಂದೆ.

ಆ 'ಕಣಣ್ಣ' ಕೇಳಿ ಅತ್ತಿಗೆ, ಮಕ್ಕಳು ಎಲ್ಲರೂ ನಕ್ಕರು. "ಪೂರಾ ಆ ಕಡೆಯಾಂವ ಆಗಿಬಿಟ್ಟಿಯಲ್ಲೊ!" ಎಂದ ಅಣ್ಣ. ನಾನೂ ನಕ್ಕೆ. ಸುಳ್ಳು ಹೇಳಿದೆ ಎಂದು ನನಗೆ ಅನಿಸಿದ್ದು ಮರಳುವ ರೈಲಿನಲ್ಲಿ, ಹುಬ್ಬಳ್ಳಿ ದಾಟಿದ ಮೇಲೆ. ಅದು ಸುಳ್ಳೇ ಹೌದೋ ಅಲ್ಲವೋ ಎಂಬುದೂ ಖಾತ್ರಿಯಾಗಲಿಲ್ಲ.