ಹುಕ್ಕಾದ ಚೀಟಿಯಲ್ಲಿ ನಮ್ಮೂರು

“ನೀವು ಕನ್ನಡದೋರೇನಮ್ಮ?”

ನರ್ಸ್ ಕೆಲಸ ಸಿಕ್ಕಿ ಬೀದರಿನಿಂದ ಮೈಸೂರಿಗೆ ಬಂದ ದಿನ, ಕುಂಬಾರಕೊಪ್ಪಲಿನ ಮನೆಯೊಡತಿ ಪುಟ್ಟತಾಯಮ್ಮನವರು ಹೀಗೆ ಕೇಳಿದರು. ಅದುವರೆಗೆ ಅವರೊಡನೆ ನಾನು ಆಡಿದ್ದೆಲ್ಲ ಕನ್ನಡವೇ!

ನಮ್ಮಲ್ಲಿ ರೊಟ್ಟಿ ಬಡಿಯುವ ಸದ್ದಿಗೇ ಓಣಿ ಏಳುತ್ತದೆ. ಇಲ್ಲಿ ಮೊದಲ ರೊಟ್ಟಿ ಬಡಿದಾಗ, ಏನೋ ಬಿದ್ದಿತೆಂದು ಪುಟ್ಟತಾಯಮ್ಮ ಕೆಳಗಿನ ಮನೆಯಿಂದ ಓಡಿ ಬಂದರು. ನಾನು ಬಡಿಯುವುದನ್ನು ನಿಲ್ಲಿಸಲಿಲ್ಲ. ಎರಡು ಬಿಸಿ ರೊಟ್ಟಿ ಅವರ ಕೈಗಿಟ್ಟೆ. ಅಲ್ಲಿಂದ ಸ್ನೇಹ ಶುರುವಾಯಿತು.

ಒಂದು ಭಾನುವಾರ ಅವರೇ ನನ್ನನ್ನು ಹಳೆಯ ಬಂಗಲೆಯೊಂದರಲ್ಲಿದ್ದ ಪುಟ್ಟ ಮ್ಯೂಸಿಯಮ್ಮಿಗೆ ಕರೆದೊಯ್ದರು. ಹದಿನೆಂಟನೇ ಶತಮಾನದ ಚಿತ್ರಗಳು, ದಂತ ಕೂರಿಸಿದ ಪೆಟ್ಟಿಗೆಗಳು, ಪಿಂಗಾಣಿ. ಕೊನೆಯ ಕೋಣೆಯ ಗಾಜಿನೊಳಗೆ ಹುಕ್ಕಾದ ಬುಡವೊಂದಿತ್ತು: ಕಡುಕಪ್ಪು ಮೈ, ಬೆಳ್ಳಿಯ ಹೂಬಳ್ಳಿ. ಕೆಳಗಿನ ಚೀಟಿಯಲ್ಲಿ ‘ಪರ್ಷಿಯಾ’ ಎಂದಿತ್ತು.

“ಇದು ಪರ್ಷಿಯಾದ್ದಲ್ರೀ, ನಮ್ಮ ಬೀದರದ್ದು,” ಎಂದೆ.

ಮೇಲ್ವಿಚಾರಕರು ನಕ್ಕರು. “ತಿಳಿದೋರು ಬರೆದಿರೋದು ಕಣಮ್ಮ.”

“ನಮ್ಮಪ್ಪ ಇದೇ ಕೆಲಸ ಮಾಡ್ತಾರ್ರೀ. ನಮ್ಮ ಬೀದರ ಕೋಟೆ ಮಣ್ಣು ಹಚ್ಚಿದ್ರ ಲೋಹ ಹಿಂಗ ಕರ್ರಗ ಆಗ್ತದ, ಬೆಳ್ಳಿ ಬೆಳ್ಳಗೇ ಉಳೀತದ. ಒಳಗ ಸತುವಿನ ಬೂದು ಬಣ್ಣ ಇರ್ತದ, ತೆಗೆದು ನೋಡ್ರಿ.”

“ಗಾಜು ತೆಗೆಯೋ ಹಾಗಿಲ್ಲ.”

ಪುಟ್ಟತಾಯಮ್ಮ ಮುಂದೆ ಬಂದರು. “ನೋಡ್ಬುಡಿ ಸ್ವಾಮಿ. ಸುಳ್ಳಾದ್ರೆ ನಾವೇ ಒಂಟೋಗ್ತೀವಿ.”

ಮೇಲ್ವಿಚಾರಕರು ಗೊಣಗುತ್ತ ಬೀಗ ತೆಗೆದು ಟಾರ್ಚ್ ಹಾಕಿದರು. ಒಳಗೆ ಬೂದು ಬಣ್ಣ. ಅವರ ನಗು ನಿಂತಿತು. ಆದರೂ, “ಕಮಿಟಿ ಒಪ್ಪಬೇಕು” ಎಂದರು.

ರಜೆಯಿದ್ದ ಪ್ರತಿ ಭಾನುವಾರ ಹೋದೆ. ಒಮ್ಮೆ ‘ದಖನ್’ ಎಂದು ತಿದ್ದಿದ್ದರು. “ದಖನ್ ಭಾಳ ದೊಡ್ಡದದ. ಊರ ಹೆಸರು ಬರೀರಿ,” ಎಂದೆ. ಐದನೆಯ ಸಲ ಹೋದಾಗ ಹೊಸ ಚೀಟಿಯಿತ್ತು: ‘ಬಿದ್ರಿ ಕೆಲಸ, ಬೀದರ್.’ ಅದನ್ನು ಬೆರಳಿಟ್ಟು ಓದಿದೆ.

ಸಂಜೆ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರು, “ಮಾಡಿದವನ ಹೆಸರು ಹಾಕ್ಯಾರೇನು?” ಎಂದರು. ಇಲ್ಲವೆಂದೆ. “ಇರಲಿ ಬಿಡು. ನಿಮ್ಮ ಮೈಸೂರಿನವರು ಇಷ್ಟಾದ್ರೂ ಮಾಡಿದ್ರಲ್ಲ.”

ಫೋನ್ ಇಟ್ಟೊಡನೆ ಪುಟ್ಟತಾಯಮ್ಮ ಕೇಳಿದರು: “ನಿಮ್ಮ ಬೀದರ್‌ನೋರು ಏನಂದ್ರು?”

ಅಪ್ಪನಿಗೆ ನಾನು ಮೈಸೂರಿನವಳು, ಇವರಿಗೆ ಬೀದರಿನವಳು. ಐದು ಭಾನುವಾರ ಒಂದು ಚೀಟಿಯೊಡನೆ ಹೊಡೆದಾಡಿದ ನಾನು, ಇವರಿಬ್ಬರಲ್ಲಿ ಯಾರನ್ನೂ ತಿದ್ದಲಿಲ್ಲ.